ತೋಳಿಗೆ ನಾಣ್ಯ ಅಂಟ್ತಾ ಇದ್ಯಾ? ದೋಷ ಎಲ್ಲಿದೆ ಅಂತ ಹುಡುಕೋ ಕ್ರಮ

ದೂರು ಇಷ್ಟು: ಕೋವಿಡ್ ವ್ಯಾಕ್ಸಿನ್ ಹಾಕಿಸ್ಕೊಂಡ ಮೇಲೆ ತೋಳಿನ ಮೇಲೆ ನಾಣ್ಯ ಇಟ್ರೆ ಬೀಳಲ್ಲ, ಚಮಚ ಇಟ್ರೂ ಬೀಳಲ್ಲ, ಫ್ರಿಡ್ಜ್ ಬಾಗಿಲಿಂದ ಕಿತ್ಕೊಂಡು ಬಂದ ಮ್ಯಾಗ್ನೆಟ್ಟೂ ಬೀಳಲ್ಲ, ಹಾಗಾಗಿ ಮೈಯೊಳಗೆ ಏನೋ ಸೇರಿಸಿಬಿಟ್ಟಿದಾರೆ. 2021ರ ಮೇ ತಿಂಗಳ ಹೊತ್ತಿಗೆ ಈ ತರದ ವಿಡಿಯೋಗಳು ಜೋರಾಗಿ ಓಡಾಡಿದ್ವು, ಈಗಲೂ ಆಗಾಗ ಫಾರ್ವರ್ಡ್ ಆಗಿ ಬರ್ತಾನೇ ಇರುತ್ತೆ.

ಮೊದಲೇ ಒಂದು ಮಾತು, ನಾಣ್ಯ ನಿಂತಿದ್ದು ಸುಳ್ಳು ಅಂತ ವಾದಕ್ಕೆ ಇಳಿಬೇಡಿ. ಬಹಳಷ್ಟು ಸಲ ಅದು ನಿಜವಾಗ್ಲೂ ನಿಂತಿರುತ್ತೆ, ಕಣ್ಣಾರೆ ಕಂಡಿದ್ದನ್ನ ಸುಳ್ಳು ಅಂದ್ರೆ ಎದುರಿನೋರು ಮುಂದೆ ಏನೂ ಕೇಳಿಸ್ಕೊಳ್ಳಲ್ಲ. ನೋಡ್ಬೇಕಾಗಿರೋದು ನಿಲ್ಲಿಸಿರೋದು ಯಾವ ಬಲ ಅಂತ. ಅಂಟಿದ್ದು ಲಕ್ಷಣ, ಮ್ಯಾಗ್ನೆಟ್ ಅನ್ನೋದು ಒಂದು ಊಹೆ ಅಷ್ಟೇ, ಇವೆರಡನ್ನ ಬೇರೆ ಮಾಡದೇ ನೇರ ವ್ಯಾಕ್ಸಿನ್ ಮೇಲೆ ಹೋದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ ಆಗುತ್ತೆ.

ಬೇಕಾಗೋ ಸಾಮಾನು

ಟ್ಯಾಲ್ಕಂ ಪೌಡರ್, ಒಂದು ಹಾಳೆ ಕಾಗದ, ಸೆಲ್ಲೋಟೇಪು, ಸಣ್ಣ ಸ್ಟೀಲ್ ಗುಂಡು (ಹಳೇ ಸೈಕಲ್ ಬೇರಿಂಗ್‌ನಲ್ಲಿ ಸಿಗುತ್ತಲ್ಲ ಅದೇ ಸಾಕು), ಒಂದು ಪ್ಲಾಸ್ಟಿಕ್ ಬಟನ್, ಒಂದು ಹಿತ್ತಾಳೆ ಕೀ, ಒಂದು ಮ್ಯಾಗ್ನೆಟ್, ದಾರ, ದಿಕ್ಸೂಚಿ ಇಲ್ಲಾಂದ್ರೆ ಮೊಬೈಲು. ಇಷ್ಟೇ. ಲ್ಯಾಬ್ ಏನೂ ಬೇಡ.

ಮೊದಲು: ಅಂಟಿರೋ ವಸ್ತು ಯಾವುದು ನೋಡಿ

ಇಲ್ಲೇ ಅರ್ಧಕ್ಕರ್ಧ ಕೇಸ್ ಮುಗಿದು ಹೋಗುತ್ತೆ. ಮಾಮೂಲಿ ಬಿಸಿಯಲ್ಲಿ ಮ್ಯಾಗ್ನೆಟ್ಟು ಜೋರಾಗಿ ಎಳ್ಕೊಳ್ಳೋದು ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತೆ ಅವು ಸೇರಿರೋ ಕೆಲವು ಮಿಶ್ರಲೋಹ, ಕೆಲವು ಆಕ್ಸೈಡುಗಳನ್ನ ಮಾತ್ರ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ, ಚಿನ್ನ, ಬೆಳ್ಳಿ ಯಾವುದನ್ನೂ ಅಲ್ಲ. ಸ್ಟೇನ್‌ಲೆಸ್ ಸ್ಟೀಲಲ್ಲೂ ಎರಡು ಜಾತಿ ಇದೆ, ಅಡುಗೆ ಮನೆಯಲ್ಲಿ ಜಾಸ್ತಿ ಬಳಸೋ 304 ಗ್ರೇಡಿಗೆ ಮ್ಯಾಗ್ನೆಟ್ ಹಿಡಿಯೋದು ಕಷ್ಟ, 430 ಗ್ರೇಡಿಗೆ ಗಟ್ಟಿಯಾಗಿ ಹಿಡಿಯುತ್ತೆ. ಆದ್ರಿಂದ ತೋಳಿಗೆ ಅಂಟಿದ ಅದೇ ವಸ್ತುವನ್ನ ತಗೊಂಡು ಫ್ರಿಡ್ಜ್ ಮ್ಯಾಗ್ನೆಟ್ ಹತ್ರ ಹಿಡೀರಿ. ಮ್ಯಾಗ್ನೆಟ್ ಅದನ್ನ ಮೂಸಿಯೂ ನೋಡದೇ ಇದ್ದು ನಿಮ್ಮ ತೋಳು ಮಾತ್ರ ಹಿಡ್ಕೊಂಡಿದೆ ಅಂದ್ರೆ ತೋಳು ಹಿಡಿದಿರೋದು ಮ್ಯಾಗ್ನೆಟ್ ಬಲದಿಂದ ಅಲ್ಲವೇ ಅಲ್ಲ, ಮುಂದಿನದು ಓದೋದೂ ಬೇಡ.

ಇದಕ್ಕೆ ಎಲ್ರೂ ನೋಡಿದ ಉದಾಹರಣೆ ಒಂದಿದೆ. 2021ರ ಜೂನ್ 8ಕ್ಕೆ ಅಮೆರಿಕದ ಒಹಾಯೋ ರಾಜ್ಯದ ಶಾಸನಸಭೆ ಸಮಿತಿ ಮುಂದೆ ಒಬ್ಬ ಡಾಕ್ಟರು ವ್ಯಾಕ್ಸಿನ್ ಹಾಕಿಸ್ಕೊಂಡೋರ ಮೈಗೆ ಕೀ, ಚಮಚ ಅಂಟುತ್ತೆ ಅಂತ ಹೇಳಿಕೆ ಕೊಟ್ರು, ಅದೇ ದಿನ ಒಬ್ಬ ನರ್ಸು ತನ್ನ ಎದೆ ಮೇಲೆ ಒಂದು ಕೀ ಇಟ್ಟು ಇದು ಯಾಕೆ ಅಂಟುತ್ತೆ ವಿವರಿಸಿ ಅಂದ್ರು. ಎದೆ ಮೇಲೆ ನಿಂತ್ಕೊಂಡ ಕೀ ಕತ್ತಿನ ಹತ್ರ ಇಡೋಕೆ ಹೋದಾಗ ಬಿದ್ದೋಯ್ತು. ಬೀಗದ ಕೀಗಳು ಬಹುಪಾಲು ಹಿತ್ತಾಳೆಯವು, ಇಂಜೆಕ್ಷನ್ ಕೊಡೋದು ತೋಳಿಗೆ, ಕೀ ನಿಂತಿದ್ದು ಎದೆ ಮೇಲೆ. ಎಣ್ಣೆ ಗ್ರಂಥಿಗಳು ಹೆಚ್ಚಿರೋ ಜಾಗ ಯಾವುದು ಅಂತ ಚರ್ಮದ ಡಾಕ್ಟರನ್ನ ಕೇಳಿ, ಹಣೆ, ಮೂಗು, ಎದೆಯ ಮೇಲ್ಭಾಗ, ಬೆನ್ನು ಅಂತಾರೆ. ವಿಡಿಯೋಗಳಲ್ಲಿ ವಸ್ತುಗಳು ಪದೇ ಪದೇ ನಿಲ್ಲೋದೂ ಹಣೆ ಮೇಲೆ, ಎದೆ ಮೇಲೆ.

ಕಂಟ್ರೋಲ್ ಟೆಸ್ಟ್ (ಹೋಲಿಸಿ ನೋಡೋದು) ಇಲ್ಲದೇ ಏನೂ ಮಾಡ್ಬೇಡಿ

ಇಂಜೆಕ್ಷನ್ ಹಾಕಿಸ್ಕೊಂಡ ತೋಳಲ್ಲಿ ಮಾಡಿದ್ದನ್ನೆಲ್ಲ ಇನ್ನೊಂದು ತೋಳಲ್ಲೂ ಮಾಡಿ. ಮೊಣಕಾಲ ಮೇಲೂ ಮಾಡಿ. ವ್ಯಾಕ್ಸಿನ್ ಹಾಕಿಸ್ಕೊಳ್ಳದೇ ಇರೋರು ಸಿಕ್ರೆ ಅವರ ತೋಳಲ್ಲೂ ಮಾಡಿ. ವಿಡಿಯೋ ಮಾಡೋರು ಯಾರೂ ಈ ಕೆಲಸ ಮಾಡಿರಲ್ಲ, ಅದೇ ನನಗೆ ಸಿಟ್ಟು ಬರೋ ವಿಷಯ, ಒಂದು ನಿಮಿಷದ ಕೆಲಸ ಅದು. ಎಡಗೈಗೂ ಬಲಗೈಗೂ ಒಂದೇ ತರ ಅಂಟಿದ್ರೆ ಇಂಜೆಕ್ಷನ್‌ಗೂ ಅದಕ್ಕೂ ಸಂಬಂಧ ಇಲ್ಲ, ಅಲ್ಲಿಗೆ ಒಂದು ಎಳೆ ಕಡಿದಂಗೆ.

ವ್ಯಾಕ್ಸಿನ್ ಗಲಾಟೆಗಿಂತ ಎಷ್ಟೋ ವರ್ಷ ಮುಂಚೆನೇ "ಮ್ಯಾಗ್ನೆಟ್ ಮನುಷ್ಯ" ಅಂತ ಹೆಸರು ಮಾಡಿದೋರು ಇದ್ರು. ಮಲೇಶಿಯಾದ ಲ್ಯೂ ತೋ ಲಿನ್ ಅನ್ನೋರು ಭಾರಿ ತೂಕದ ಕಬ್ಬಿಣದ ತಟ್ಟೆಗಳನ್ನ ಬರೀ ಹೊಟ್ಟೆ ಮೇಲೆ ನಿಲ್ಲಿಸ್ಕೊಳ್ತಿದ್ರು. ಅಲ್ಲಿನ ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಅವರ ಮೈಯಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಏನೂ ಸಿಗಲಿಲ್ಲ, ಚರ್ಮದ ಘರ್ಷಣೆ ಮಾತ್ರ ಬೇರೆಯವರಿಗಿಂತ ಹೆಚ್ಚಿತ್ತು ಅಷ್ಟೇ.

ಪೌಡರ್ ಟೆಸ್ಟ್

ಜಾಗಕ್ಕೆ ಪೌಡರ್ ಹಚ್ಚಿ ಉಜ್ಜಿ, ಮತ್ತೆ ಅದೇ ನಾಣ್ಯ ಇಡಿ. ಪೌಡರ್ ಎಣ್ಣೆ ಬೆವರನ್ನ ಹೀರ್ಕೊಂಡು ಚರ್ಮಕ್ಕೂ ಲೋಹಕ್ಕೂ ನಡುವೆ ಜಾರೋ ಪದರ ಹಾಕುತ್ತೆ, ಆದ್ರೆ ಮ್ಯಾಗ್ನೆಟ್ ಬಲಕ್ಕೆ ಟ್ಯಾಲ್ಕ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ನಾಣ್ಯ ಜಾರಿ ಬಿತ್ತಾ, ಹಾಗಾದ್ರೆ ಹಿಡ್ಕೊಂಡಿದ್ದು ಬೆವರು.

"ಬೆವರಿಗೆ ಅಷ್ಟು ಶಕ್ತಿ ಎಲ್ಲಿಂದ ಬರ್ಬೇಕು" ಅಂತ ಕೇಳೋರಿಗೆ ಲೆಕ್ಕ ಇಲ್ಲಿದೆ. 5 ಗ್ರಾಂ ನಾಣ್ಯದ ತೂಕ ಸುಮಾರು 0.05 ನ್ಯೂಟನ್. ನಾಣ್ಯ 25 ಮಿಲಿಮೀಟರ್ ಅಗಲ ಇದ್ರೆ ಮುಟ್ಟೋ ಜಾಗ ಹತ್ರ ಹತ್ರ 4.9 ಚದರ ಸೆಂಟಿಮೀಟರ್. ತೂಕವನ್ನ ಜಾಗದಿಂದ ಭಾಗಿಸಿದ್ರೆ 100 ಪ್ಯಾಸ್ಕಲ್ ಬರುತ್ತೆ. ವಾತಾವರಣದ ಒತ್ತಡ ಒಂದು ಲಕ್ಷ ಪ್ಯಾಸ್ಕಲ್, ಅದರ ಸಾವಿರದಲ್ಲಿ ಒಂದು ಪಾಲು ಅಂಟು ಇದ್ರೆ ನಾಣ್ಯ ನಿಂತ್ಕೊಳ್ಳುತ್ತೆ. ತೆಳು ಬೆವರಿನ ಪದರದ ಮೇಲ್ಮೈ ಸೆಳೆತ, ಜಿಡ್ಡು, ಮೆತ್ತಗಿನ ಚರ್ಮ ಲೋಹದ ಆಕಾರಕ್ಕೆ ತಗ್ಗಿ ಹೊಂದ್ಕೊಳ್ಳೋದು, ಇವೆಲ್ಲ ಸೇರಿದ್ರೆ ಅಷ್ಟು ಆರಾಮಾಗಿ ಬರುತ್ತೆ. ಅದಕ್ಕೇ ಈ ವಿಡಿಯೋಗಳಲ್ಲಿ ಯಾವಾಗಲೂ ಚಪ್ಪಟೆ, ನುಣುಪು, ಹಗುರ ವಸ್ತುಗಳೇ ಇರ್ತವೆ, ಸುತ್ತಿಗೆ ತಂದು ಅಂಟಿಸಿದೋರನ್ನ ನಾನಂತೂ ನೋಡಿಲ್ಲ. ಜೊತೆಗೆ ಮೈಯನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ ನಿಂತಿರ್ತಾರೆ, ಕ್ಯಾಮೆರಾ ನೇರ ಎದುರಿಗೆ ಇದ್ರೆ ಆ ವಾಲಿದ್ದು ಕಾಣಲ್ಲ, ಪಕ್ಕದಿಂದ ನೋಡಿದ್ರೆ ಮಾತ್ರ ಗೊತ್ತಾಗೋದು.

ಗುಂಡು ಟೆಸ್ಟ್, ಇದು ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿರೋದು

ಸ್ಟೀಲ್ ಗುಂಡನ್ನ ಮ್ಯಾಗ್ನೆಟ್ ಹತ್ರ ತನ್ನಿ, ಟಕ್ ಅಂತ ಹಾರಿ ಹೋಗಿ ಕೂತ್ಕೊಳ್ಳುತ್ತೆ. ಈಗ ಅದೇ ಗುಂಡನ್ನ ತೋಳಿನ ಮೇಲೆ ಇಡಿ. ಗುಂಡಿಗೆ ಮುಟ್ಟೋ ಜಾಗ ಒಂದು ಚುಕ್ಕಿಯಷ್ಟು, ಬೆವರಿಗೆ ಅಷ್ಟರಲ್ಲಿ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಉರುಳಿ ನೆಲಕ್ಕೆ ಬೀಳುತ್ತೆ. ಮ್ಯಾಗ್ನೆಟ್‌ಗೆ ಇಷ್ಟ ಆಗೋ ವಸ್ತು ತೋಳಿಗೆ ಅಂಟಲ್ಲ. ಈಗ ಪ್ಲಾಸ್ಟಿಕ್ ಬಟನ್ ಇಡಿ, ಚಪ್ಪಟೆ ಇರೋದು. ಅದು ನಿಂತ್ಕೊಳ್ಳುತ್ತೆ. ಸ್ಟೀಲ್ ಬೀಳುತ್ತೆ ಪ್ಲಾಸ್ಟಿಕ್ ನಿಲ್ಲುತ್ತೆ ಅಂದ್ರೆ ಇಲ್ಲಿ ಲೆಕ್ಕಕ್ಕೆ ಬರ್ತಿರೋದು ವಸ್ತುವಿನ ಆಕಾರ, ಅದರ ಲೋಹ ಅಲ್ಲ.

ಇನ್ನೊಂದು ಮಾಡ್ಬಹುದು, ಸ್ಟೇಪ್ಲರ್ ಪಿನ್ನು. ನಿಜವಾದ ಮ್ಯಾಗ್ನೆಟ್ಟಿಗೆ ಒಂದು ಪಿನ್ ಹಿಡಿಸಿದ್ರೆ ಆ ಪಿನ್ನೇ ಮ್ಯಾಗ್ನೆಟ್ ಆಗಿ ಇನ್ನೊಂದನ್ನ ಹಿಡಿಯುತ್ತೆ, ಅದು ಮತ್ತೊಂದನ್ನ, ಸರಪಳಿ ಆಗುತ್ತೆ. ಬೆವರಿಗೆ ಒಂದು ಪಿನ್ ಅಂಟ್ಬಹುದು, ಎರಡನೇದು ಮೊದಲನೇದಕ್ಕೆ ನೇತಾಡಲ್ಲ.

ಕಾಗದ ಟೆಸ್ಟ್

ಒಂದು ಚೂರು ಕಾಗದವನ್ನ ಇಂಜೆಕ್ಷನ್ ಜಾಗದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಕಾಗದ ಜಾರಬಾರದು. ಆಮೇಲೆ ಅದರ ಮೇಲೆ ಮ್ಯಾಗ್ನೆಟ್ ಇಡಿ. ಕಾಗದ 0.1 ಮಿಲಿಮೀಟರ್ ದಪ್ಪ. ಇಂಜೆಕ್ಷನ್ ಹೋಗಿರೋದು ಚರ್ಮ, ಕೊಬ್ಬು ಎಲ್ಲ ದಾಟಿ ಮಾಂಸಖಂಡಕ್ಕೆ, ಅದಕ್ಕೆ ಬಳಸೋ ಸೂಜಿ ಸಾಮಾನ್ಯವಾಗಿ 25 ಮಿಲಿಮೀಟರ್ ಉದ್ದ, 2 ಸೆಂಟಿಮೀಟರ್ ಆಳ ಅಂತ ಇಟ್ಕೊಳ್ಳಿ. ಎರಡು ಚಿಕ್ಕ ಮ್ಯಾಗ್ನೆಟ್ ನಡುವಿನ ಬಲ ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕುಸಿಯುತ್ತೆ, ಹಾಗೆ ಲೆಕ್ಕ ಹಾಕಿದ್ರೂ 20 ಮಿಲಿಮೀಟರ್ ಇದ್ದಿದ್ದು 20.1 ಆದ್ರೆ ಹಿಡಿತ ಕಡಿಮೆ ಆಗೋದು ಶೇ. 2ರಷ್ಟು. ನಿಜಕ್ಕೂ ಒಳಗೆ ಮ್ಯಾಗ್ನೆಟ್ ಇದ್ರೆ ಕಾಗದ ಇದ್ದಿದ್ದೇ ಗೊತ್ತಾಗ್ಬಾರ್ದು.

ಇದಕ್ಕೆ ಒಂದು ತಕರಾರು ಬರುತ್ತೆ, ಅದು ಸರಿಯಾದ ತಕರಾರೇ: ಕಾಗದದ ಮೇಲೆ ಘರ್ಷಣೆ ಕಡಿಮೆ, ಅದಕ್ಕೆ ಜಾರಿತು ಅಂತ. ಸರಿ, ಹಾಗಾದ್ರೆ ಸೊಂಟದಿಂದ ಪಕ್ಕಕ್ಕೆ ಬಗ್ಗಿ ಇಂಜೆಕ್ಷನ್ ಜಾಗ ನೆಲ ನೋಡೋ ಹಾಗೆ ಮಾಡ್ಕೊಂಡು ಕೆಳಗಡೆಯಿಂದ ವಸ್ತು ಇಡಿ. ಈಗ ಭೂಮಿ ಅದನ್ನ ನೇರ ಕೆಳಕ್ಕೆ ಎಳೀತಿದೆ, ಘರ್ಷಣೆಗೆ ಕೆಲಸವೇ ಇಲ್ಲ. ನಡುವೆ ಕಾಗದ ಇರೋದ್ರಿಂದ ಬೆವರಿಗೂ ಕೆಲಸ ಇಲ್ಲ. ಉಳಿದಿರೋದು ಎಳೆಯೋ ಬಲ ಒಂದೇ. ಅಲ್ಲಿ ಬೀಳದೇ ನಿಂತ್ರೆ ನನಗೂ ಒಂದು ಫೋನ್ ಮಾಡಿ.

ದೂರದಿಂದ ಎಳೆಯುತ್ತಾ?

ಮ್ಯಾಗ್ನೆಟ್ಟಿನ ನಿಜವಾದ ಗುರುತು ಇದು, ಮುಟ್ಟದೇ ಎಳೆಯೋದು, ಮತ್ತೆ ಎರಡು ತುದಿ ಇರೋದು. ಮ್ಯಾಗ್ನೆಟ್ಟನ್ನ ದಾರಕ್ಕೆ ಕಟ್ಟಿ ನೇತು ಹಾಕಿ ಅಲುಗಾಟ ನಿಲ್ಲೋವರೆಗೆ ಕಾಯಿರಿ, ಫ್ಯಾನ್ ಆಫ್ ಮಾಡಿ. ತೋಳನ್ನ ನಿಧಾನಕ್ಕೆ ಹತ್ರ ತನ್ನಿ, ಮುಟ್ಟಿಸ್ಬೇಡಿ. ದಾರ ಓರೆ ಆಗ್ಬೇಕು, ಆಗಲ್ಲ. ಅಥವಾ ತೋಳಿಗೆ ಅಂಟಿರೋ ಮ್ಯಾಗ್ನೆಟ್ಟನ್ನ ತಿರುಗಿಸಿ ಇನ್ನೊಂದು ಮುಖ ಇಡಿ. ಒಳಗಿರೋದು ಶಾಶ್ವತ ಮ್ಯಾಗ್ನೆಟ್ ಆಗಿದ್ರೆ ಒಂದು ಮುಖ ಎಳೀಬೇಕು ಇನ್ನೊಂದು ಮುಖ ತಳ್ಳಬೇಕು. ಎರಡೂ ಮುಖ ಒಂದೇ ತರ ಅಂಟಿದ್ರೆ ಒಳಗೆ ಶಾಶ್ವತ ಮ್ಯಾಗ್ನೆಟ್ ಇಲ್ಲ ಅಂತಾಯ್ತು.

ಮೊಬೈಲ್ ಇಟ್ಕೊಂಡು ಮಾಡೋರಿಗೆ: ಫೋನ್ ಒಳಗೆ ದಿಕ್ಸೂಚಿಗೆ ಅಂತ ಮ್ಯಾಗ್ನೆಟೋಮೀಟರ್ ಇರುತ್ತೆ, ಅದರ ಅಳತೆ ತೋರಿಸೋ ಆಪ್ ಹಾಕಿದ್ರೆ ಮೈಕ್ರೋಟೆಸ್ಲಾದಲ್ಲಿ ಸಂಖ್ಯೆ ಬರುತ್ತೆ (ಟೆಸ್ಲಾ ಅಂದ್ರೆ ಮ್ಯಾಗ್ನೆಟಿಕ್ ಫೀಲ್ಡಿನ ಅಳತೆ, ಮೈಕ್ರೋ ಅಂದ್ರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು). ಭೂಮಿಯದ್ದೇ ಜಾಗ ನೋಡ್ಕೊಂಡು 25ರಿಂದ 65 ಇರುತ್ತೆ, ಅದನ್ನ ಮೊದಲು ಬರ್ಕೊಳ್ಳಿ. ಮುಖ್ಯವಾದ ವಿಷಯ, ಫೋನನ್ನ ತೋಳಿನ ಹತ್ರ ಒಯ್ಯಬೇಡಿ. ಫೋನನ್ನ ಮರದ ಟೇಬಲ್ ಮೇಲೆ ಅಲ್ಲಾಡದಂಗೆ ಇಟ್ಟು ತೋಳನ್ನ ಫೋನಿನ ಹತ್ರ ತನ್ನಿ, ಯಾಕಂದ್ರೆ ಫೋನ್ ಹಿಡ್ಕೊಂಡು ಓಡಾಡಿದ್ರೆ ಕಬ್ಬಿಣದ ಮಂಚ, ಬೀರು, ಗೋಡೆಯೊಳಗಿನ ಸರಳು ಎಲ್ಲ ಸೇರಿ ಸಂಖ್ಯೆ ಕುಣಿಯುತ್ತೆ, ಆಮೇಲೆ "ನೋಡಿ ಏರ್ತಾ ಇದೆ" ಅಂತ ಇನ್ನೊಂದು ವಿಡಿಯೋ ಆಗುತ್ತೆ. ವಾಚು, ಬಳೆ, ಬೆಲ್ಟು ಬಿಚ್ಚಿಡಿ. ಮ್ಯಾಗ್ನೆಟ್ ಇರೋ ಫೋನ್ ಕವರ್ ಇದ್ರೆ ಅದನ್ನೂ ತೆಗೀರಿ. ಹೋಲಿಕೆಗೆ ಫ್ರಿಡ್ಜ್ ಮ್ಯಾಗ್ನೆಟ್ ತಂದು ನೋಡಿ, ಸಂಖ್ಯೆ ನೂರುಗಟ್ಟಲೆ ಮೇಲಕ್ಕೆ ಹಾರುತ್ತೆ. ತೋಳಿಗೆ ಇದ್ದ ಹಾಗೇ ಇರುತ್ತೆ.

ಹಾಗಂತ ಮೈಯಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಇಲ್ಲವೇ ಇಲ್ಲ ಅಂತಲ್ಲ. ಹೃದಯ ಬಡಿಯೋವಾಗ ಹರಿಯೋ ಕರೆಂಟಿಂದ ಎದೆ ಹತ್ರ ಹತ್ತಾರು ಪಿಕೋಟೆಸ್ಲಾ ಬರುತ್ತೆ, ಭೂಮಿಯದ್ದಕ್ಕಿಂತ ಲಕ್ಷಗಟ್ಟಲೆ ಪಟ್ಟು ಸಣ್ಣದು, ಅದನ್ನ ಅಳೆಯೋಕೆ ಸ್ಕ್ವಿಡ್ ಅನ್ನೋ ಅತಿ ತಣ್ಣಗಿನ ಉಪಕರಣವೋ ಅಷ್ಟೇ ಸೂಕ್ಷ್ಮದ ಇನ್ನೊಂದೋ ಬೇಕು. ಚಮಚಕ್ಕೆ ಅದು ಗೊತ್ತೂ ಆಗಲ್ಲ.

ಆದ್ರೂ ವ್ಯಾಕ್ಸಿನ್‌ನಲ್ಲಿ ಏನೋ ಹಾಕಿರ್ಬಹುದಲ್ಲ ಅಂದ್ರೆ

ಸರಿ, ಹಾಕಿದಾರೆ ಅಂತಲೇ ಇಟ್ಕೊಂಡು ಎಷ್ಟು ಹಾಕ್ಬೇಕಾಗುತ್ತೆ ನೋಡೋಣ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಒಂದು ಡೋಸ್ 0.5 ಮಿಲಿಲೀಟರ್, ಫೈಜರ್‌ದು 0.3. ಮ್ಯಾಗ್ನೆಟ್ ಕಡೆಗೆ ಧಾರಾಳ ತೋರ್ಸೋಣ: 10 ಮಿಲಿಮೀಟರ್ ಅಗಲ 3 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಬಿಲ್ಲೆ, ಸಿಗೋದ್ರಲ್ಲಿ ಬಲವಾದ ಜಾತಿ. ತೂಕ 1.8 ಗ್ರಾಂ ಹತ್ರ, ಅಂದ್ರೆ 0.017 ನ್ಯೂಟನ್. ಇದರ ಫೀಲ್ಡ್ 2 ಸೆಂಟಿಮೀಟರ್ ಆಳದಲ್ಲಿ 5-6 ಮಿಲಿಟೆಸ್ಲಾ ಆಗಿರುತ್ತೆ, ಅಲ್ಲಿ ಅದು ಮೀಟರಿಗೆ 0.8 ಟೆಸ್ಲಾ ಲೆಕ್ಕದಲ್ಲಿ ಇಳೀತಿರುತ್ತೆ. ಅಲ್ಲಿ 1 ಮಿಲಿಗ್ರಾಂ ಮ್ಯಾಗ್ನಟೈಟ್ (ಕಬ್ಬಿಣದ ಕಪ್ಪು ಆಕ್ಸೈಡ್) ಇದೆ, ಅದೂ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಮ್ಯಾಗ್ನೆಟ್ ಆಗಿದೆ ಅಂತ ಇಟ್ಕೊಂಡ್ರೆ ಎಳೆಯೋ ಬಲ 0.00008 ನ್ಯೂಟನ್ ಹತ್ರ. ಬಿಲ್ಲೆಯ ತೂಕದ 225ರಲ್ಲಿ ಒಂದು ಪಾಲು. ಬಿಲ್ಲೆ ಕೆಳಗಿಂದ ನೇತಾಡ್ಬೇಕಾದ್ರೆ 225 ಮಿಲಿಗ್ರಾಂ ಬೇಕು. ತೋಳು ಇಳಿಬಿಟ್ಟು ನಿಂತಾಗ ಜಾರದೇ ಇರ್ಬೇಕು ಅಂದ್ರೆ ಘರ್ಷಣಾಂಕ (ಒತ್ತೋ ಬಲದ ಎಷ್ಟು ಪಾಲು ಜಾರದಂತೆ ತಡೆಯುತ್ತೆ ಅನ್ನೋ ಅಳತೆ) 0.5 ಹಿಡಿದ್ರೆ ಅದರ ಎರಡರಷ್ಟು, 450 ಮಿಲಿಗ್ರಾಂ.

0.5 ಮಿಲಿಲೀಟರ್ ದ್ರವದ ಒಟ್ಟು ತೂಕವೇ ಸುಮಾರು 500 ಮಿಲಿಗ್ರಾಂ ಕಣ್ರೀ! ಅಂದ್ರೆ ಸಿರಿಂಜಿನಲ್ಲಿ ವ್ಯಾಕ್ಸಿನ್ ಅನ್ನೋದೇ ಇರದೇ ಮಸಿ ಬಣ್ಣದ ಗಟ್ಟಿ ಕೆಸರು ಇರ್ಬೇಕು, ಅದು ಕಾಲು ಮಿಲಿಮೀಟರ್ ರಂಧ್ರದ ಸೂಜಿಯಲ್ಲಿ ಇಳೀಬೇಕು, ಇಳಿದ ಮೇಲೆ ಮಾಂಸಖಂಡದಲ್ಲಿ ಹರಡದೇ ಒಂದೇ ಕಡೆ ಗುಪ್ಪೆ ಆಗಿರ್ಬೇಕು. 5 ಮಿಲಿಟೆಸ್ಲಾಗೆ ಪೂರ್ತಿ ಸಾಮರ್ಥ್ಯ ಬರಲ್ಲ ಅನ್ನೋದನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ, ಅದನ್ನೂ ಸೇರಿಸಿದ್ರೆ ಇನ್ನೂ ಜಾಸ್ತಿ ಬೇಕಾಗುತ್ತೆ. ವಯಲ್ (ಔಷಧಿ ಶೀಶೆ) ಕಣ್ಣೆದುರಿಗೇ ಇರುತ್ತೆ, ಒಳಗಿರೋದು ಕಪ್ಪಲ್ಲ.

ನಿಜಕ್ಕೂ ಐರನ್ ಆಕ್ಸೈಡ್ ಕಣಗಳನ್ನ ಮೈಗೆ ಚುಚ್ಚೋ ಔಷಧಿ ಇದೆ, ಫೆರುಮಾಕ್ಸಿಟಾಲ್ ಅಂತ, ರಕ್ತಹೀನತೆಗೆ ಕೊಡ್ತಾರೆ. ಅದರ 17 ಮಿಲಿಲೀಟರ್ ವಯಲ್ಲಿನಲ್ಲಿ 510 ಮಿಲಿಗ್ರಾಂ ಕಬ್ಬಿಣ ಇರುತ್ತೆ, ನೋಡೋಕೂ ಕಪ್ಪು ಕಂದು. ಅದನ್ನ ತಗೊಂಡೋರ ಎಂಆರ್‌ಐ (ಬಲವಾದ ಮ್ಯಾಗ್ನೆಟ್ ಬಳಸಿ ಮೈಯೊಳಗನ್ನ ನೋಡೋ ಸ್ಕ್ಯಾನ್) ಚಿತ್ರ ಕೆಲಕಾಲ ಬದಲಾಗುತ್ತೆ, ಅದಕ್ಕೆ ಮೊದಲೇ ಹೇಳಿ ಅಂತಾರೆ, ಆದ್ರೆ ಅವರ ಮೈಗೂ ಚಮಚ ಅಂಟಲ್ಲ. ರಕ್ತದಲ್ಲಿ ಕಬ್ಬಿಣ ಇದ್ಯಲ್ಲ ಅನ್ನೋರಿಗೂ ಇದೇ ಉತ್ತರ, ದೊಡ್ಡೋರ ಮೈಯಲ್ಲಿ 3-4 ಗ್ರಾಂ ಕಬ್ಬಿಣ ಹುಟ್ಟಿದಾಗಿನಿಂದ ಸೇರ್ತಾ ಬಂದು ಇದ್ದೇ ಇರುತ್ತೆ, ಆದ್ರೆ ಅದರಲ್ಲಿ ಬಹುಪಾಲು ಅಣು ಅಣುವಾಗಿ ಹಿಮೋಗ್ಲೋಬಿನ್ನಿಗೆ ಕಟ್ಕೊಂಡಿರುತ್ತೆ, ಮೊಳೆ ತರ ವರ್ತಿಸಲ್ಲ. ಆಮ್ಲಜನಕ ಹಿಡಿದ ರಕ್ತವನ್ನ ಮ್ಯಾಗ್ನೆಟ್ ತುಸು ದೂರ ತಳ್ಳುತ್ತೆ, ಬಿಟ್ಟ ರಕ್ತವನ್ನ ತುಸು ಎಳೆಯುತ್ತೆ, ಇದನ್ನ 1936ರಲ್ಲೇ ಪೌಲಿಂಗ್ ಮತ್ತೆ ಕೊರಿಯೆಲ್ ಅನ್ನೋ ವಿಜ್ಞಾನಿಗಳು ಅಳೆದು ತೋರ್ಸಿದ್ರು.

ಅಲ್ಯುಮಿನಿಯಂ ವಿಷಯ ಬೇಗ ಮುಗಿಸ್ತೀನಿ. ಕೆಲವು ವ್ಯಾಕ್ಸಿನ್‌ಗಳಲ್ಲಿ ಅಲ್ಯುಮಿನಿಯಂ ಲವಣ ಇರೋದು ನಿಜ, ಒಂದು ಮಿಲಿಗ್ರಾಂಗೂ ಕಡಿಮೆ, ಅಲ್ಯುಮಿನಿಯಂ ಪಾತ್ರೆಗೆ ಮ್ಯಾಗ್ನೆಟ್ ಹಿಡಿದು ನೋಡಿ, ಅಷ್ಟೇ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಹಾಕಿದಾರೆ ಅನ್ನೋದು ಇನ್ನೂ ತಮಾಷೆ, ಗ್ರಾಫೈಟ್ ಜಾತಿಯ ವಸ್ತುಗಳನ್ನ ಮ್ಯಾಗ್ನೆಟ್ ದೂರ ತಳ್ಳುತ್ತೆ, ತೆಳು ಗ್ರಾಫೈಟ್ ತುಂಡು ಬಲವಾದ ಮ್ಯಾಗ್ನೆಟ್‌ಗಳ ಮೇಲೆ ತೇಲೋದನ್ನ ಕಾಲೇಜು ಲ್ಯಾಬಿನಲ್ಲಿ ತೋರಿಸ್ತಾರೆ. ನೀರೂ ಹಾಗೇ ತಳ್ಳಿಸ್ಕೊಳ್ಳುತ್ತೆ. ನಮ್ಮ ಮೈ ಬಹುಪಾಲು ನೀರು. 1997ರಲ್ಲಿ ಭೌತವಿಜ್ಞಾನಿ ಆಂಡ್ರೆ ಗೈಮ್ ತಂಡ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿ 16 ಟೆಸ್ಲಾ ಫೀಲ್ಡಿನಲ್ಲಿ ಜೀವಂತ ಕಪ್ಪೆಯನ್ನೇ ಗಾಳಿಯಲ್ಲಿ ತೇಲಿಸಿದ್ದು ಈ ತಳ್ಳಾಟದಿಂದಲೇ.

ಚರ್ಮದ ಮೂಲಕ ಹಿಡಿಸೋದು ನಿಜಕ್ಕೂ ಹೇಗಿರುತ್ತೆ

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದೋರಿಗೆ ಕೂರಿಸೋ ಶ್ರವಣ ಸಾಧನ) ಹಾಕಿಸ್ಕೊಂಡೋರನ್ನ ನೋಡಿ. ಕಿವಿ ಹಿಂದೆ ಚರ್ಮದ ಕೆಳಗೆ ಒಂದು ಮ್ಯಾಗ್ನೆಟ್ ಇರುತ್ತೆ, ಹೊರಗಡೆ ಬಿಲ್ಲೆಯಂತ ಕಾಯಿಲಲ್ಲಿ ಇನ್ನೊಂದು, ಎರಡೂ ಚರ್ಮದಾಚೆ ಈಚೆ ಹಿಡ್ಕೊಂಡಿರ್ತವೆ. ಅಲ್ಲಿ ಕೆಲವೇ ಮಿಲಿಮೀಟರ್ ಚರ್ಮ, ಎರಡು ಕಡೆನೂ ಇಡೀ ಮ್ಯಾಗ್ನೆಟ್, ಆಪರೇಷನ್ ಮಾಡಿ ಕೂರಿಸಿದ್ದು. ಅಷ್ಟೆಲ್ಲ ಮಾಡಿದ್ರೂ ಚರ್ಮ ದಪ್ಪ ಇರೋರಿಗೆ ಹೊರಗಿನ ಬಿಲ್ಲೆ ಪದೇ ಪದೇ ಬಿದ್ದೋಗುತ್ತೆ, ಆಗ ಇನ್ನೂ ಬಲವಾದ ಮ್ಯಾಗ್ನೆಟ್ ಹಾಕಿಕೊಡ್ತಾರೆ. ಬೇಕು ಅಂತಲೇ ಕೂತು ವಿನ್ಯಾಸ ಮಾಡಿದ ಎಂಜಿನಿಯರುಗಳಿಗೆ ಮಿಲಿಮೀಟರ್ ಲೆಕ್ಕದಲ್ಲಿ ಇಷ್ಟು ಒದ್ದಾಟ ಇದೆ, ಅರ್ಧ ಮಿಲಿಲೀಟರ್ ದ್ರವ ಎರಡು ಸೆಂಟಿಮೀಟರ್ ಆಳದಿಂದ ಅದನ್ನ ಮಾಡುತ್ತೆ ಅಂದ್ರೆ ಅವರು ಕೆಲಸ ಬಿಟ್ಟು ಹೋಗ್ಬೇಕು.

ಇನ್ನು ಎಂಆರ್‌ಐ. 1.5 ಇಲ್ಲ 3 ಟೆಸ್ಲಾ ಮೆಷಿನ್ ಒಳಗೆ ವ್ಯಾಕ್ಸಿನ್ ಹಾಕಿಸ್ಕೊಂಡೋರು ದಿನಾ ಹೋಗಿ ಬರ್ತಿದಾರೆ. ಒಳಗೆ ಬಿಡೋ ಮುಂಚೆ ಕೇಳೋದು ಪೇಸ್‌ಮೇಕರ್ ಇದ್ಯಾ, ಕ್ಲಿಪ್ ಹಾಕಿದಾರಾ, ಕಣ್ಣಿಗೆ ಲೋಹದ ಚೂರು ಹಾರಿತ್ತಾ ಅಂತ. ವ್ಯಾಕ್ಸಿನ್ ಹಾಕಿಸ್ಕೊಂಡಿದ್ದಕ್ಕೆ ಮೈ ಮೆಷಿನ್ನಿಗೆ ಎಳೀಬಹುದು ಅಂತ ಯಾರನ್ನೂ ಬಾಗಿಲಿಂದ ವಾಪಸ್ ಕಳಿಸಲ್ಲ.

ಎಲ್ಲ ಟೆಸ್ಟ್ ಆದ್ಮೇಲೂ ಎಳೀತಾ ಇದ್ರೆ

ಪೌಡರ್ ಹಾಕಿದ್ರೂ ನಿಲ್ಲುತ್ತೆ, ಕಾಗದ ಇಟ್ಟು ನೆಲಕ್ಕೆ ಮುಖ ಮಾಡಿದ್ರೂ ನಿಲ್ಲುತ್ತೆ, ಗುಂಡೂ ಹಿಡಿಯುತ್ತೆ, ಫೋನ್ ಸಂಖ್ಯೆನೂ ಏರುತ್ತೆ ಅಂದ್ರೆ ಅಲ್ಲಿ ನಿಜಕ್ಕೂ ಲೋಹ ಇದೆ. ಮೊದಲು ತೋಳಿನ ಸುತ್ತ ಬಟ್ಟೆ, ಬ್ಯಾಂಡೇಜ್ ಒಳಗೆ ಯಾರಾದ್ರೂ ಮ್ಯಾಗ್ನೆಟ್ ಬಚ್ಚಿಟ್ಟಿದಾರಾ ನೋಡಿ, ವಿಡಿಯೋ ಮಾಡೋರ ಹತ್ರ ಇದು ಮೊದಲ ಅನುಮಾನ. ಅದಿಲ್ಲಾಂದ್ರೆ ಹಿಂದೆ ಯಾವಾಗಲೋ ಹೊಕ್ಕ ಉಕ್ಕಿನ ಚೂರು, ಗ್ರೈಂಡಿಂಗ್ ಕೆಲಸ ಮಾಡೋರಿಗೆ ಆಗುತ್ತೆ, ಇಲ್ಲಾ ಬೇಕಂತಲೇ ಹಾಕಿಸ್ಕೊಂಡ ಮ್ಯಾಗ್ನೆಟ್. ಎಕ್ಸ್‌ರೇಯಲ್ಲಿ ಲೋಹ ಬೆಳ್ಳಗೆ ಕಾಣುತ್ತೆ. ಅದು ಗೊತ್ತಾಗೋವರೆಗೆ ಎಂಆರ್‌ಐ ಕೋಣೆ ಹತ್ರ ಹೋಗ್ಬೇಡಿ, ಹೋಗ್ಲೇಬೇಕಾದ್ರೆ ಅಲ್ಲಿನ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ.

ಮತ್ತೆ ಟೆಸ್ಟಿಗೆ ಅಂತ ತಂದ ನಿಯೋಡಿಮಿಯಂ ಬಿಲ್ಲೆಗಳನ್ನ ಮಕ್ಕಳ ಕೈಗೆ ಸಿಗೋ ಜಾಗದಲ್ಲಿ ಬಿಡ್ಬೇಡಿ. ಎರಡು ನುಂಗಿದ್ರೆ ಕರುಳಿನ ಗೋಡೆಗಳನ್ನ ನಡುವೆ ಹಿಡ್ಕೊಂಡು ತೂತು ಮಾಡಿಬಿಡುತ್ತೆ, ಹಾಗೇನಾದ್ರೂ ಆದ್ರೆ ನೋವು ಬರೋವರೆಗೆ ಕಾಯದೇ ಆಸ್ಪತ್ರೆಗೆ ಓಡಿ. ಪೇಸ್‌ಮೇಕರ್ ಇರೋರು ಈ ಬಿಲ್ಲೆಗಳನ್ನ ಎದೆಯಿಂದ ಒಂದು ಗೇಣಾದ್ರೂ ದೂರ ಇಟ್ಕೊಳ್ಳಿ, ಅವರ ಮೇಲೆ ಈ ಟೆಸ್ಟ್ ಮಾಡೋದೇ ಬೇಡ.